ಹೊಳೆಯ ಗಾಜು

ನಾನು ಒಂದು ಡಯಾಟಮ್, ಒಂದೇ ಕೋಶದ ಜೀವಿ. ತುಂಗಭದ್ರೆಯ ಹಿನ್ನೀರಿನಲ್ಲಿ ಹುಟ್ಟಿದೆ. ಹುಟ್ಟಿದೆ ಎನ್ನುವುದಕ್ಕಿಂತ ಪಾಲಾದೆ ಎನ್ನಬೇಕು. ನಮ್ಮ ಮೈ ಗಾಜಿನ ಡಬ್ಬಿ. ತಾಯಿ ಎರಡಾದಾಗ ಒಬ್ಬರಿಗೆ ಮುಚ್ಚಳ, ಇನ್ನೊಬ್ಬರಿಗೆ ತಳ. ನನಗೆ ತಳ ಸಿಕ್ಕಿತು. ಅದನ್ನೇ ಮುಚ್ಚಳ ಮಾಡಿಕೊಂಡು, ನೀರಿನಲ್ಲಿ ಕರಗಿದ್ದ ಮರಳಿನಂಶದಿಂದ ಇನ್ನೂ ಸಣ್ಣ ತಳ ಕಟ್ಟಿಕೊಂಡೆ. ಬಿಸಿಲುಂಡು ಬದುಕಿದೆ. ಮೀನುಮರಿಗಳು ಅಕ್ಕಪಕ್ಕದವರನ್ನು ನುಂಗುತ್ತಿದ್ದವು. ನನ್ನ ಸರದಿಗೆ ಮೊದಲೇ ಊರಿಗೆ ನೀರೆತ್ತುವ ಪಂಪು ಎಳೆದುಕೊಂಡಿತು.

ಊರಿನ ತೊಟ್ಟಿಯಲ್ಲಿ ಕ್ಲೋರಿನ್ ಜೀವ ತೆಗೆಯಿತು. ಗಾಜು ಉಳಿಯಿತು. ಪೈಪು ಹಿಡಿದು ಒಂದು ಪ್ರಯೋಗಾಲಯದ ನಳಕ್ಕೆ ಬಂದೆ.

ಅಲ್ಲಿ ಯಮನೂರನ ತೊಡೆಮೂಳೆಯ ಮಜ್ಜೆ ಟ್ಯೂಬೊಂದರ ಆಸಿಡ್‌ನಲ್ಲಿ ಕುದಿಯುತ್ತಿತ್ತು. ಹಿನ್ನೀರಿನಲ್ಲಿ ಸಿಕ್ಕ ಹೆಣ ಅವನದು. ಅವನೂ ಅಕ್ಕನ ಗಂಡ ಗಾದಿಲಿಂಗನೂ ಒಂದೇ ಹರಿಗೋಲಿನಲ್ಲಿ ಮೀನು ಹಿಡಿಯುತ್ತಿದ್ದರು. ಗಾದಿಲಿಂಗ ಉಸಿರುಗಟ್ಟಿಸಿ ಕೊಂದು ನೀರಿಗೆಸೆದ ಎಂದು ಪೊಲೀಸರು. ಕಾಲು ಜಾರಿ ಬಿದ್ದ ಎಂದು ಗಾದಿಲಿಂಗ. ಮುಳುಗುವಾಗ ಉಸಿರಿದ್ದರೆ ನಮ್ಮವರು ಶ್ವಾಸಕೋಶ ದಾಟಿ, ರಕ್ತ ಹಿಡಿದು, ಮಜ್ಜೆ ಸೇರುತ್ತಾರೆ. ಸತ್ತ ಮೇಲೆ ಬಿದ್ದರೆ ಸೇರುವುದಿಲ್ಲ. ಆಸಿಡ್ ಮಾಂಸ ತಿನ್ನುತ್ತದೆ, ಗಾಜನ್ನು ತಿನ್ನದು. ಗಾದಿಲಿಂಗನ ಜೈಲು, ಬಿಡುಗಡೆ ಎರಡೂ ಆ ಟ್ಯೂಬಿನ ತಳದಲ್ಲಿದ್ದವು.

"ಎಷ್ಟೊತ್ತೋ ಶೇಖಪ್ಪಾ? ನಮ್ಮ ಸಾಹೇಬ್ರು ಜೀವಾ ತಿನ್ನಾಕತ್ತಾರ," ಎಂದ ವರದಿಗೆ ಕಾದಿದ್ದ ಪೇದೆ.

"ಆಸಿಡ್ ತೊಳಿಯಾಕ ಡಿಸ್ಟಿಲ್ ನೀರು ಬೇಕ್ರಿ. ಮುಗದೈತಿ, ನಾಳೆ ಬರತೈತಿ," ಎಂದ ಸಹಾಯಕ ಶೇಖಪ್ಪ.

"ನಳಾ ಸತ್ತೈತೇನು? ಊರೆಲ್ಲಾ ಕುಡಿಯೂದು ಅದನ್ನ. ತೊಳಿ ಮಾರಾಯಾ!"

ಶೇಖಪ್ಪ ನಳ ತಿರುಗಿಸಿದ. ನಾವೊಂದು ಹಿಂಡು ಟ್ಯೂಬಿಗೆ ಬಿದ್ದೆವು.

ಗಾಜಿನ ಪಟ್ಟಿಗೆ ಹಚ್ಚಿದ ನಮ್ಮ ಮೇಲೆ ಸೂಕ್ಷ್ಮದರ್ಶಕದ ಬೆಳಕು ಬಿತ್ತು. ಮೇಲೊಂದು ದೊಡ್ಡ ಕಣ್ಣು ಬಂದು ನಿಂತಿತು.

"ಸಿಕ್ಕವು. ಹಿನ್ನೀರಿನವೇ," ಎಂದಳು ಪ್ರಯೋಗಾಲಯದ ಅಧಿಕಾರಿ.

ಅದು ಸುಳ್ಳಲ್ಲ. ನಳಕ್ಕೂ ಅದೇ ಹೊಳೆ. ಯಾವ ದಾರಿಯಲ್ಲಿ ಬಂದಿರಿ ಎಂದು ಆಕೆ ಕೇಳಲಿಲ್ಲ. ಕೇಳಿದ್ದರೂ ನಮಗೆ ಬಾಯಿಲ್ಲ.

ಕೋರ್ಟಿನಲ್ಲಿ ಗಾದಿಲಿಂಗನ ವಕೀಲ ನಮ್ಮ ಗಾಜಿನ ಪಟ್ಟಿಯನ್ನು ಎತ್ತಿ ಹಿಡಿದ. "ಸತ್ತವ ಉಸಿರಾಡ್ತಾನೇನ್ರಿ? ಇಲ್ಲಂದ್ರ ಹೊಳಿ ಹುಳ ಮೂಳಿಯೊಳಗ ಹೆಂಗ ಹೋತು?" ನಾನು ಹುಳವಲ್ಲ. ಗಾದಿಲಿಂಗ ಬಿಡುಗಡೆಯಾದ.

ಪಡಸಾಲೆಯಲ್ಲಿ ಅವನ ಹೆಂಡತಿ, ಯಮನೂರನ ಅಕ್ಕ ರುದ್ರವ್ವ, ಅಡ್ಡ ನಿಂತಳು.

"ಖರೇ ಹೇಳು. ನನ್ನ ತಮ್ಮಗ ನೀ ಏನೂ ಮಾಡಿಲ್ಲಲ್ಲ?"

ಗಾದಿಲಿಂಗ ಅವಳ ಮುಖ ನೋಡಲಿಲ್ಲ. ಗುಮಾಸ್ತನ ಕೈಯಲ್ಲಿದ್ದ ನಮ್ಮ ಪಟ್ಟಿಯಿದ್ದ ಪೆಟ್ಟಿಗೆಯತ್ತ ಬೆರಳು ಮಾಡಿದ.

"ಅದು ಹೇಳೇತಲ್ಲ."

ಈಗ ಹಳೆ ಮೊಕದ್ದಮೆಗಳ ಕಪಾಟಿನಲ್ಲಿದ್ದೇನೆ. ಇಲ್ಲಿ ನೀರಿಲ್ಲ, ಬಿಸಿಲಿಲ್ಲ. ಗಾಜು ಕೊಳೆಯುವುದೂ ಇಲ್ಲ. ಗಾದಿಲಿಂಗ ಕೊಂದನೋ ಇಲ್ಲವೋ ನನಗೆ ಗೊತ್ತಿಲ್ಲ. ಯಮನೂರನನ್ನು ನಾನು ಕಂಡೇ ಇಲ್ಲ.