ಸುಟ್ಟವರ ವಾರ್ಡು

"ಏಳನೇ ಕ್ಲಾಸಿಗೆ ಸಾಲಿ ಬಿಟ್ಟ ಎತ್ತು ನೀ! ತಂಗೀಗಿ ಬುದ್ಧಿ ಹೇಳಾಕ ಬರೂದಿಲ್ಲೇನಲೇ ಸಿದರಾಯಾ? ಸುಟ್ಟವರ ವಾರ್ಡಿನ ನರ್ಸಿಗಿ ಯಾವ ಗಂಡು ಒಪ್ಪತಾನ?"

ದವಾಖಾನೆಯ ಕಟ್ಟೆಯ ಮೇಲೆ, ನಮ್ಮೂರು ಐಗಳಿಯಿಂದ ಬಂದಿದ್ದ ಮಂದಿಯ ಎದುರಿಗೇ ಲಗಮಣ್ಣ ಕಾಕಾ ನನಗೆ ಅಂದ.

ತಂಗಿ ಕಸ್ತೂರೆವ್ವ ಆಗಷ್ಟೇ ನರ್ಸಿಂಗ್ ಮುಗಿಸಿದ್ದಳು. ಮೊದಲು ಯಾವ ವಾರ್ಡು ಬೇಕೆಂದು ಅವತ್ತೇ ಮೇಟ್ರನ್ನಿಗೆ ಹೇಳಬೇಕಿತ್ತು. ಅವಳು ಸುಟ್ಟವರ ವಾರ್ಡೇ ಬೇಕೆಂದಿದ್ದಳು; ಕಾಕಾನಿಗೆ ಹೆರಿಗೆ ವಾರ್ಡೇ ಆಗಬೇಕು. ಸಿಟ್ಟು ನುಂಗಿಕೊಂಡು, ಅವಳ ಮನಸ್ಸು ತಿರುಗಿಸಲು, ಅವಳಿದ್ದ ಸುಟ್ಟವರ ವಾರ್ಡಿನೊಳಗೆ ಹೋದೆ.

ಮಂಚಗಳ ಮೇಲೆ ಕಬ್ಬಿಣದ ಕಮಾನು, ಅದರ ಮೇಲೆ ಬಿಳಿ ಚಾದರ. ಒಳಗಿದ್ದ ಹೆಂಗಸರ ಮುಖ ಕಾಣಲಿಲ್ಲ. ನನ್ನ ಹೆಜ್ಜೆ ಕೇಳಿ ಮೊದಲ ಚಾದರದೊಳಗಿಂದ ದನಿ ಬಂತು: "ಸ್ಟೋ ಸಿಡೀತ್ರಿ."

ನಾನು ಏನೂ ಕೇಳಿರಲಿಲ್ಲ.

"ಸ್ಟೋ ಸಿಡೀತ್ರಿ," ಅಂತು ಪಕ್ಕದ ಮಂಚ. ಮೂಲೆಯವಳು ನಿದ್ದೆಯಲ್ಲೇ ಅಂದಳು, ಮಗ್ಗಿ ಒಪ್ಪಿಸುವ ಹಾಗೆ.

"ಗಂಡಸರ ಸಪ್ಪಳಾದ್ರ ಸಾಕು, ಹಿಂಗ ಅಂತಾರ," ತಂಗಿ ಹತ್ತಿರ ಬಂದು ಪಿಸುಗುಟ್ಟಿದಳು. "ಅಣ್ಣಾ, ಇವರೆಲ್ಲಾ ಕಟ್ಟಿಗಿ ಒಲಿ ಊದೂ ಮನಿಯವ್ರು. ಸೀಮೆಎಣ್ಣಿ ಸ್ಟೋ ಎಲ್ಲಿಂದ ಬಂತು? ಖರೇ ಹೇಳೂತನಾ ಯಾರರ ಒಬ್ರು ಬಾಜೂಕ ಕುಂದ್ರಬೇಕಲ್ಲ."

ನನಗೆ ಬೇಡ ಅನ್ನಲಾಗಲಿಲ್ಲ. ಹೊರಗೆ ಬಂದೆ.

"ಏನಂದ್ಲು? ಹೆರಿಗಿ ವಾರ್ಡು ಹೌದಲ್ಲೋ?" ಕಾಕಾ ಕೇಳಿದ. ನನ್ನ ಮುಖ ನೋಡಿ ದನಿ ತಗ್ಗಿಸಿದ. "ಒಳಗಿನವ್ರನ್ನ ನೋಡಿ ಮನಸಿಗಿ ಹಚ್ಕೋಬ್ಯಾಡ. ಅವರಿಗೇನಿಲ್ಲಪಾ, ಸ್ಟೋ ಸಿಡೀತು."

ಚಾದರದೊಳಗಿನ ಅದೇ ಮಾತು, ಅದೇ ರಾಗ. ನಾನು ರಸ್ತೆಗಿಳಿದು ನಡೆದೆ.