ಆರು ಹೆಗಲಿನ ತವರು

ಹ್ಯಾಮ್ ಕೊಯ್ಯುತ್ತಿದ್ದ ಚಾಕುವನ್ನು ಕೈಯಲ್ಲೇ ಹಿಡಿದುಕೊಂಡು ಮೇವಿಸ್ ಸೇತುವೆಯ ಕಡೆಗೆ ಓಡಿದಳು. ದೂರದಲ್ಲಿ ವ್ಯಾನಿನ ಸದ್ದು ಕೇಳಿತ್ತು. ಕೀಲ್ಡ್‌ಬೆಕ್ ಕಣಿವೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಶಾಲೆಯ ಬಸ್ಸು ಓಡಿಸುವವಳು ಅವಳು. ಯಾವ ಗಾಡಿ ಯಾರದೆಂದು ಕಣ್ಣು ಮುಚ್ಚಿ ಹೇಳಬಲ್ಲಳು. ಈ ಸದ್ದು ಕಣಿವೆಯದಲ್ಲ.

"ಚಾಕು ಇಟ್ಟು ಹೋಗೇ ಪುಣ್ಯಾತ್ಗಿತ್ತಿ!" ಎಂದು ಹಿಂದಿನಿಂದ ನೆರೆಮನೆಯ ಹಿಲ್ಡಾ ಕೂಗಿಕೊಂಡಳು. "ಮಣ್ಣಿಗೆ ಬಂದೋರು ಹೆದರ್ಕೊಂಡು ಹಂಗೇ ವಾಪಸ್ ಹೋದಾರು!"

ಸೇತುವೆಯ ಈ ತುದಿಯಲ್ಲಿ, ಎರಡು ಮರದ ಕಾಲ್ಮಣೆಗಳ ಮೇಲೆ, ಮೇವಿಸಳ ತಾಯಿ ವಿನ್ನಿ ಟಾಡ್‌ಗಿಲ್‌ಳ ಶವಪೆಟ್ಟಿಗೆ ಇತ್ತು. ಪಕ್ಕದಲ್ಲಿ ಚಿಕ್ಕಪ್ಪ ಸೆಪ್ಟಿಮಸ್ ಜೇಬುಗಡಿಯಾರ ಹಿಡಿದು ನಿಂತಿದ್ದ. ಎಂಬತ್ತೊಂದು ವರ್ಷದ ಮುದುಕ, ಹಿಡಿದ ಪಟ್ಟು ಬಿಡುವ ಜಾತಿಯವನಲ್ಲ. ಆಚೆ ಗೋಡೆಗೆ ಒರಗಿಕೊಂಡು ಪಟ್ಟಣದಿಂದ ಕರೆಸಿದ್ದ ಆರು ಜನ ಕರಿ ಕೋಟಿನವರು ಸಿಗರೇಟು ಸೇದುತ್ತಿದ್ದರು. ಅವರನ್ನು ಕಂಡರೆ ಮೇವಿಸಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಕೀಲ್ಡ್‌ಬೆಕ್ಕಿನ ಪದ್ಧತಿ ಅದು. ಗಂಡಸು ಸತ್ತರೆ ಅವನ ಮನೆತನದವರು ಹೊರುತ್ತಾರೆ. ಮದುವೆಯಾಗಿ ಬಂದ ಹೆಂಗಸು ಸತ್ತರೆ, ಸೇತುವೆಯಿಂದ ಚರ್ಚಿನ ಬಾಗಿಲವರೆಗೆ ಅವಳನ್ನು ತವರಿನವರೇ ಹೊರಬೇಕು. ಅವಳು ಹುಟ್ಟುತ್ತಾ ಹೊತ್ತ ಹೆಸರಿನವರು, ಆರು ಜನ. ಗಂಡನ ಕಡೆಯವರು ಹೆಗಲು ಕೊಡುವ ಹಾಗಿಲ್ಲ, ಹೊಟ್ಟೆಯಲ್ಲಿ ಹುಟ್ಟಿದ ಮಗಳೂ ಕೊಡುವ ಹಾಗಿಲ್ಲ. ಹನ್ನೆರಡರ ಗಂಟೆ ಬಡಿಯುವುದರೊಳಗೆ ಆರು ಜನ ಸೇರದಿದ್ದರೆ ಕೂಲಿ ಹೆಗಲು. ಕಳೆದ ಐವತ್ತು ವರ್ಷದಲ್ಲಿ ಈ ಊರಿನಲ್ಲಿ ಕೂಲಿ ಹೆಗಲಿನ ಮೇಲೆ ಹೋದವಳು ಒಬ್ಬಳೇ. ಅವಳ ಹೆಸರು ಈಗ ಯಾರಿಗೂ ಗೊತ್ತಿಲ್ಲ, ಕೂಲಿ ಹೆಗಲಿನ ಮೇಲೆ ಹೋದಳು ಎಂಬುದು ಮಾತ್ರ ಎಲ್ಲರಿಗೂ ಗೊತ್ತು.

ವ್ಯಾನು ನಿಂತಿತು. ಇಳಿದವನು ಕೆಂಪು ಮುಖದ, ಪೀಪಾಯಿಯಂಥ ಗಂಡಸು. ಮೈಯಿಂದ ಮೀನಿನ ವಾಸನೆ ಅವನಿಗಿಂತ ಮೊದಲು ಬಂದು ಮುಟ್ಟಿತು.

"ಆ ರಾಂಗ್ ನಂಬರ್ ಅಮ್ಮನ ಮಣ್ಣು ಇಲ್ಲೇನಮ್ಮಾ?" ಎಂದ. ಅವಳ ಕೈಯ ಚಾಕು ನೋಡಿ ಒಂದು ಹೆಜ್ಜೆ ಹಿಂದೆ ಸರಿದ. "ರಾಯ್ ಗ್ರೇಸ್ಟೆಪ್. ಗ್ರಿಮ್ಸ್‌ಬಿಯಿಂದ ಬಂದೆ. ಬೆಳಗಿನ ಜಾವ ನಾಲ್ಕಕ್ಕೆ ಬಿಟ್ಟಿದ್ದು."

ಮೇವಿಸಳಿಗೆ ಅವನನ್ನು ತಬ್ಬಿಕೊಳ್ಳಬೇಕೆನಿಸಿತು. ತಬ್ಬಿಕೊಂಡೇ ಬಿಟ್ಟಳು, ಚಾಕು ಸಮೇತ.

ಸೆಪ್ಟಿಮಸ್ ಗಡಿಯಾರದಿಂದ ಕಣ್ಣೆತ್ತಿದ. "ಒಂದು," ಎಂದ.

*

ವಿನ್ನಿಯನ್ನು ಹೆತ್ತವರು ಯಾರೋ ತಿಳಿಯದು. ೧೯೧೨ರಲ್ಲಿ, ಪೂರ್ವ ಕರಾವಳಿಯ ಒಂದು ಬಂದರು ಪಟ್ಟಣದಲ್ಲಿ, ಅನಾಥಾಲಯದ ಬಾಗಿಲ ಮುಂದಿನ ಬೂದು ಕಲ್ಲಿನ ಮೆಟ್ಟಿಲ ಮೇಲೆ ಸಿಕ್ಕ ಕೂಸು. ಅಲ್ಲಿನ ಮೇಲ್ವಿಚಾರಕಿಗೆ ಅದಕ್ಕೆ ಎಷ್ಟೋ ವರ್ಷ ಮೊದಲೇ ದಿನಕ್ಕೊಂದು ಹೊಸ ಹೆಸರು ಹುಡುಕಿ ಸಾಕಾಗಿಹೋಗಿತ್ತು. ಮೆಟ್ಟಿಲ ಮೇಲೆ ಸಿಕ್ಕ ಮಕ್ಕಳಿಗೆಲ್ಲ ಮೆಟ್ಟಿಲ ಹೆಸರನ್ನೇ ಕೊಟ್ಟು ಕೈತೊಳೆದುಕೊಂಡಳು. ಹೀಗೆ ಗ್ರೇಸ್ಟೆಪ್, ಅಂದರೆ ಬೂದು ಮೆಟ್ಟಿಲು, ಎನ್ನುವ ಮನೆತನ ಹುಟ್ಟಿತು. ಅದಕ್ಕೆ ಮನೆಯೂ ಇರಲಿಲ್ಲ, ತನವೂ ಇರಲಿಲ್ಲ.

ಕಣಿವೆಯ ಟಾಡ್‌ಗಿಲ್ ಒಬ್ಬನ ಕೈಹಿಡಿದು ಬಂದ ವಿನ್ನಿ, ಕೆಳಗಿನ ಪಟ್ಟಣದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೇಳು ವರ್ಷ ಕೆಲಸ ಮಾಡಿದಳು. ತಂತಿಯ ಪ್ಲಗ್ಗುಗಳನ್ನು ಚುಚ್ಚುವುದು, ತೆಗೆಯುವುದು, 'ಮಾತಾಡಿ' ಎನ್ನುವುದು. ಊರವರ ಜಗಳ, ಮದುವೆ, ಸಾವು ಎಲ್ಲ ಅವಳ ಕಿವಿಯ ಮೂಲಕವೇ ಹಾದುಹೋದವು, ಒಂದೂ ಬಾಯಿಂದ ಹೊರಬರಲಿಲ್ಲ. ಅತ್ತೆ ಸತ್ತಾಗ ಆರು ಜನ ದಾಂಡಿಗ ಅಣ್ಣತಮ್ಮಂದಿರು ಬಂದು ಆಕೆಯನ್ನು ಹೊತ್ತುಕೊಂಡು ಹೋದದ್ದನ್ನು ವಿನ್ನಿ ಬಾಯಿ ಬಿಟ್ಟು ನೋಡಿದ್ದಳು.

"ಅಮ್ಮಾ, ನಿನ್ನನ್ನ ಯಾರು ಹೊರ್ತಾರೆ?" ಎಂದು ಏಳು ವರ್ಷದ ಮೇವಿಸ್ ಕೇಳಿದ್ದಳು.

"ನನಗೇನೇ? ಸ್ಟಾಂಪ್ ಹಚ್ಚಿ ಪೋಸ್ಟ್‌ನಲ್ಲಿ ಹಾಕ್ಬಿಡಿ," ಎಂದು ವಿನ್ನಿ ನಕ್ಕಳು. ಮನೆ ಸೇರುವವರೆಗೂ ನಗುತ್ತಲೇ ಇದ್ದಳು. ಮನೆ ಸೇರಿದ ಮೇಲೆ ಆಲೂಗಡ್ಡೆ ಸುಲಿಯುತ್ತ, ಸಿಪ್ಪೆಯ ಜೊತೆ ಅರ್ಧ ಆಲೂಗಡ್ಡೆಯನ್ನೂ ಸುಲಿದು ಹಾಕಿದಳು.

ಆಮೇಲೆ ಶುರುವಾದದ್ದು ಆ ಹುಡುಕಾಟ. ಎಕ್ಸ್‌ಚೇಂಜಿನಲ್ಲಿ ದೇಶದ ಎಲ್ಲ ಊರಿನ ಟೆಲಿಫೋನ್ ಪುಸ್ತಕಗಳಿದ್ದವು. ಕರೆಗಳಿಲ್ಲದ ಹೊತ್ತಿನಲ್ಲಿ ಒಂದೊಂದನ್ನೇ ತೆಗೆದು ತನ್ನ ಹುಟ್ಟುಹೆಸರನ್ನು ಹುಡುಕಿದಳು. ವರ್ಷಕ್ಕೊಂದು, ಎರಡು ಸಿಕ್ಕವು. ಕೊನೆಗೆ ಒಟ್ಟು ಹತ್ತೊಂಬತ್ತು.

*

"ಅಲ್ಲಾ, ಪ್ರತಿ ಡಿಸೆಂಬರ್‌ನಲ್ಲೂ ಫೋನ್ ಬರ್ತಿತ್ತು," ಎಂದು ರಾಯ್ ಹಿಲ್ಡಾಳ ಅಡುಗೆಮನೆಯಲ್ಲಿ ಚಹಾ ಹೀರುತ್ತ ಹೇಳುತ್ತಿದ್ದ. "ನಮ್ಮಪ್ಪ ಎತ್ತಿದ ಕೂಡ್ಲೆ 'ಗ್ರೇಸ್ಟೆಪ್ ಅವರಾ?' ಅಂತ ಕೇಳೋದು. ಹೌದು ಅಂದ್ರೆ 'ಕ್ಷಮಿಸಿ, ರಾಂಗ್ ನಂಬರ್' ಅನ್ನೋದು. ಹೆಸರು ಸರಿಯಾಗಿ ಕೇಳಿ ಆಮೇಲೆ ರಾಂಗ್ ನಂಬರ್ ಅಂದ್ರೆ ಏನರ್ಥ ಹೇಳಿ?"

"ಅಯ್ಯೋ, ನಮ್ಮನೇಲೂ ಅದೇ ಕತೆ!" ಎಂದವರು ಆಗಷ್ಟೇ ಒಳಗೆ ಕಾಲಿಟ್ಟ ಇಬ್ಬರು ಅಣ್ಣತಮ್ಮಂದಿರು, ವಿಲ್ಫ್ ಮತ್ತು ಸಿಡ್ನಿ. ಕೆಂಟ್ ಸೀಮೆಯ ಕಲ್ಲಿದ್ದಲು ಗಣಿಯವರು, ಸೈಡ್‌ಕಾರಿನ ಮೋಟಾರ್‌ಸೈಕಲ್ ಮೇಲೆ ದೇಶವನ್ನೇ ಅಡ್ಡ ಹಾಯ್ದು ಬಂದಿದ್ದರು. "ನಮ್ಮವ್ವ ಮೊದ್ಲು ಅಪ್ಪಂಗೆ ಯಾರೋ ಇಟ್ಕೊಂಡಿರೋಳು ಅಂದ್ಕೊಂಡು ಒಂದು ವಾರ ಊಟ ಹಾಕ್ಲಿಲ್ಲ!"

ಅಡುಗೆಮನೆಯೆಲ್ಲ ನಗು. ಪರಿಚಯವಾಗಿ ಕಾಲು ಗಂಟೆಯೂ ಆಗದವರು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡರು. ಹೊರಗೆ ಸೆಪ್ಟಿಮಸ್ "ಎರಡು, ಮೂರು" ಎಂದದ್ದು ಯಾರಿಗೂ ಕೇಳಲಿಲ್ಲ.

"ನಾವು ಸಣ್ಣ ಮನೆತನದೋರಲ್ಲ ಕಣ್ರೀ," ಎಂದು ರಾಯ್ ಎದೆಯುಬ್ಬಿಸಿದ. "ಗ್ರೇಸ್ಟೆಪ್ ಅಂತ ಒಂದು ಕೋಟೆ ಇತ್ತಂತೆ. ನಮ್ಮ ಹಾಲ್‌ನಲ್ಲಿ ಲಾಂಛನ ನೇತುಹಾಕಿದೀನಿ. ಎರಡು ಸಿಂಹ, ಒಂದು ಕತ್ತಿ. ಅಂಚೆಯಲ್ಲಿ ತರಿಸಿದ್ದು."

ಮೇವಿಸಳ ನಾಲಗೆಯ ತುದಿಗೆ ನಿಜ ಬಂದಿತ್ತು. ನುಂಗಿಕೊಂಡಳು. ಸಿಂಹದ ಮನೆತನದವನನ್ನು ಮೆಟ್ಟಿಲಿಗೆ ಇಳಿಸಿದರೆ, ಅವನು ವ್ಯಾನು ಹತ್ತಿ ಹೊರಟುಬಿಟ್ಟರೆ?

*

ವಿನ್ನಿಯ ನೋಟ್‌ಬುಕ್ಕು ಸಿಕ್ಕಿದ್ದು ಸಾವಿನ ಮಾರನೆಯ ಬೆಳಗ್ಗೆ, ಹೆಣಿಗೆಯ ಚೀಲದಲ್ಲಿ. ಕ್ರಿಸ್‌ಮಸ್ ಕಾರ್ಡಿನ ವಿಳಾಸ ಇರಬೇಕೆಂದುಕೊಂಡು ಮೇವಿಸ್ ತೆರೆದಳು. ಹತ್ತೊಂಬತ್ತು ಹೆಸರು, ಪ್ರತಿಯೊಂದರ ಮುಂದೆ ಫೋನ್ ನಂಬರು, ವರ್ಷಗಳು, ವರ್ಷದ ಮುಂದೆ ಒಂದೆರಡು ಮಾತು. 'ಕೆಮ್ಮು ಜೋರಾಗಿದೆ.' 'ಹಿಂದೆ ಮಗು ಅಳುತ್ತಿತ್ತು, ಹೊಸ ಮಗು.' 'ನಾಯಿ ಬೊಗಳಲಿಲ್ಲ, ಸತ್ತಿರಬೇಕು.' ಕೊನೆಯ ಹಾಳೆಯಲ್ಲಿ ಕೈಯಾರೆ ಬರೆದ ದೇಶದ ಭೂಪಟ, ಹೆಸರಿಗೊಂದು ಚುಕ್ಕಿ. ಟಾಡ್‌ಗಿಲ್‌ಗಳನ್ನು ಗುರುತು ಮಾಡಿದ್ದರೆ ಅರವತ್ತು ಚುಕ್ಕಿಯೂ ಈ ಒಂದೇ ಕಣಿವೆಯಲ್ಲಿ ಒತ್ತೊತ್ತಾಗಿ ಕೂರುತ್ತಿದ್ದವು. ಈ ಚುಕ್ಕಿಗಳು ಹಾಗಿರಲಿಲ್ಲ. ಮೀನುಗಾರರ ಬಂದರು, ಕಲ್ಲಿದ್ದಲಿನ ಗಣಿ, ಹಡಗುಕಟ್ಟೆ, ಎಲ್ಲೆಲ್ಲಿ ಅನಾಥ ಹುಡುಗರನ್ನು ದುಡಿಯಲು ಕಳಿಸುತ್ತಿದ್ದರೋ ಅಲ್ಲಲ್ಲಿ ಒಂದೊಂದು. ಒಂದು ಹಿಡಿ ಕಾಳನ್ನು ಯಾರೋ ಬೇಕಾಬಿಟ್ಟಿ ಎರಚಿದ ಹಾಗಿತ್ತು.

ಮೇವಿಸಳಿಗೆ ಅಳು ಬಂತು, ಸಿಟ್ಟೂ ಬಂತು. ಮೂವತ್ತೈದು ವರ್ಷ ದನಿ ಕೇಳಿ ಕೇಳಿ ಇಟ್ಟುಬಿಟ್ಟಳಲ್ಲ! 'ನಾನೂ ಗ್ರೇಸ್ಟೆಪ್' ಎಂದು ಒಂದು ಮಾತು ಹೇಳಲು ಏನು ಧಾಡಿಯಾಗಿತ್ತು? ಹೇಳಿದರೆ ಮೆಟ್ಟಿಲಿನ ಮಾತು ಬರುತ್ತದೆ, ಮರೆತವರಿಗೆ ಅದನ್ನು ನೆನಪಿಸಬಾರದು ಎಂದುಕೊಂಡಳೇನೋ ಪಾಪ.

ತಾಯಿಗೆ ಆಗದ್ದನ್ನು ಮಗಳು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಿದಳು. ಹತ್ತೊಂಬತ್ತು ಕರೆ. "ವರ್ಷಾವರ್ಷ ನಿಮಗೆ ಫೋನ್ ಮಾಡ್ತಿದ್ದೋಳು ನಮ್ಮಮ್ಮ. ಅವಳೂ ಗ್ರೇಸ್ಟೆಪ್. ಹೊರೋಕೆ ಆರು ಜನ ಬೇಕು." ಕೆಲವರು ಹುಚ್ಚಿಯೆಂದುಕೊಂಡು ಇಟ್ಟರು. ಎಂಟು ಜನ ಬರುತ್ತೇವೆ ಎಂದರು. ಒಬ್ಬ ಮುದುಕಿ ಮಾತ್ರ "ಎಂಬತ್ತಾಯ್ತು ನಂಗೆ, ಬರೋಕಾಗಲ್ಲ," ಎಂದು ಗದರಿಸಿ ಫೋನಿಟ್ಟಳು.

*

ಹನ್ನೊಂದೂಕಾಲರ ಬಸ್ಸಿನಿಂದ ಇಳಿದವನು ಆರೂವರೆ ಅಡಿಯ ಕರಿಯ ಮನುಷ್ಯ, ಕಾರ್ಡಿಫಿನ ಬಸ್ ಕಂಡಕ್ಟರು. ಸೆಪ್ಟಿಮಸ್ ಅವನನ್ನು ಪಾದದಿಂದ ತಲೆಯವರೆಗೆ ನೋಡಿದ. ನೋಡಿ ಮುಗಿಸಲು ಸ್ವಲ್ಪ ಹೊತ್ತೇ ಹಿಡಿಯಿತು.

"ಹೆಸರು?"

"ಕ್ಲಿಫರ್ಡ್ ಗ್ರೇಸ್ಟೆಪ್ ಸಾರ್. ನಮ್ಮ ತಾತನ ಕಾಲದಿಂದ ಅದೇ ಹೆಸರು."

"ಚಿಕ್ಕಪ್ಪಾ," ಎಂದು ಮೇವಿಸ್ ಬಾಯಿ ತೆರೆಯುವಷ್ಟರಲ್ಲಿ ಮುದುಕ ಕೈಯೆತ್ತಿದ.

"ನಾನೇನಾದ್ರೂ ಅಂದ್ನಾ? ಪದ್ಧತಿ ಹೆಸರು ಕೇಳುತ್ತೆ, ಬಣ್ಣ ಕೇಳಲ್ಲ. ನಾಲ್ಕು."

ಐದನೆಯವಳು ಲಿನೆಟ್ ಎಂಬ ಎಳೆ ವಯಸ್ಸಿನ ನರ್ಸು, ಸಂಡರ್‌ಲ್ಯಾಂಡಿನವಳು, ಸಮವಸ್ತ್ರದಲ್ಲೇ ಓಡಿಬಂದಿದ್ದಳು.

"ಹೆಣ್ಣುಮಗಳಾ?" ಎಂದು ಸೆಪ್ಟಿಮಸ್ ಹುಬ್ಬು ಗಂಟಿಕ್ಕಿದ.

"ಹೆಸರಿನವರು ಆರು ಜನ ಅಂತ ತಾನೇ ಪದ್ಧತಿ? ಗಂಡಸರು ಅಂತ ಎಲ್ಲಿದೆ, ತೋರ್ಸಿ ಚಿಕ್ಕಪ್ಪ!" ಎಂದಳು ಮೇವಿಸ್.

ಮುದುಕ ಯೋಚಿಸಿದ. ಮೂರು ತಲೆಮಾರಿನ ಹೆಣಗಳನ್ನು ಮನಸ್ಸಿನಲ್ಲೇ ಸೇತುವೆ ದಾಟಿಸಿ ನೋಡಿರಬೇಕು. "ಐದು," ಎಂದ, ಅರೆಮನಸ್ಸಿನಿಂದ.

ಮೇವಿಸಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇನ್ನು ಮೂವರು ಬರುವವರಿದ್ದರು. ಡೆವನ್ ಕಡೆಯ ಅಪ್ಪ, ಮಗ, ಮಗಳು, ಒಂದೇ ಕಾರಿನಲ್ಲಿ. ಒಬ್ಬರು ಸಾಕಾಗಿದ್ದಲ್ಲಿ ಮೂವರು! ಹನ್ನೊಂದೂ ಮುಕ್ಕಾಲಾಯಿತು. ಮದ್ಯದಂಗಡಿಯವನು ಏದುಸಿರು ಬಿಡುತ್ತ ಓಡಿಬಂದ. "ಮೇವಿಸ್, ಫೋನ್ ಬಂದಿತ್ತು. ಕಣಿವೆ ಮೇಲಿನ ದಾರೀಲಿ ಹಿಮ ಬಿದ್ದು ಅವರ ಕಾರು ಹಳ್ಳಕ್ಕಿಳಿದಿದೆಯಂತೆ. ಯಾರಿಗೂ ಏನೂ ಆಗಿಲ್ಲ. ಆದ್ರೆ ಎರಡು ಗಂಟೆಗೆ ಮುಂಚೆ ಬರೋಕಾಗಲ್ಲ."

ಗೋಡೆಗೊರಗಿದ್ದ ಕರಿ ಕೋಟಿನವರು ಸಿಗರೇಟು ಹೊಸಕಿ ಕೋಟು ಕೊಡವಿಕೊಂಡರು.

"ಚಿಕ್ಕಪ್ಪಾ, ಎರಡು ಗಂಟೆವರೆಗೆ ತಡೀರಿ. ಕೈ ಮುಗೀತೀನಿ."

"ನಿಮ್ಮಪ್ಪಂಗೇ ನಾನು ಒಂದು ನಿಮಿಷ ತಡೀಲಿಲ್ಲ ಮಗಳೇ. ಅವನು ನನ್ನ ಒಡಹುಟ್ಟಿದೋನು." ಮುದುಕನ ದನಿಯಲ್ಲಿ ಹಟವಿರಲಿಲ್ಲ, ದುಃಖವಿತ್ತು. ಅದಕ್ಕೇ ಮೇವಿಸಳಿಗೆ ಜಗಳವಾಡಲೂ ಆಗಲಿಲ್ಲ.

ಆಗ ಹಾಲಿನ ಲಾರಿ ಬಂತು. ಬರುವ ಹೊತ್ತಲ್ಲ ಅದರದು. ಡ್ರೈವರು ಇಳಿದು ಆ ಕಡೆಗೆ ಹೋಗಿ, ಒಂದು ಪುಟ್ಟ ಮುದುಕಿಯನ್ನು ಮಗುವಿನಂತೆ ಎತ್ತಿ ಕೆಳಗಿಳಿಸಿದ. ಐದಡಿಗೆ ನಾಲ್ಕು ಬೆರಳು ಕಡಿಮೆ, ತಲೆಯ ಮೇಲೆ ಕರಿ ಟೋಪಿ, ಕೈಯಲ್ಲಿ ಕೋಲು, ತೋಳಿಗೊಂದು ಕೈಚೀಲ.

"ಡಾರ್ಕಸ್ ಗ್ರೇಸ್ಟೆಪ್," ಎಂದು ಅವಳು ಎಲ್ಲರಿಗೂ ಒಟ್ಟಿಗೆ ಹೇಳಿದಳು. "ಬರಲ್ಲ ಅಂದಿದ್ದೆ. ಸುಮ್ನೆ ಕೂರೋಕಾಗ್ಲಿಲ್ಲ. ನನ್ನ ಮನೆಗೆ ವರ್ಷಕ್ಕೆ ಬರ್ತಿದ್ದ ಫೋನ್ ಅದೊಂದೇ. ಹೋದ ಸಲ ನಾನೇ ಕೇಳ್ದೆ, 'ಈ ವರ್ಷ ರಾಂಗ್ ನಂಬರ್ ತಡ ಆಯ್ತಲ್ಲಮ್ಮಾ, ಹುಷಾರಾಗಿದೀಯಾ?' ಅಂತ. ಆ ಕಡೆಯಿಂದ ಬರೀ ಉಸಿರು ಕೇಳಿಸ್ತು. ಆಮೇಲೆ 'ಚೆನ್ನಾಗಿದೀನಿ' ಅಂದ್ಲು."

ರಾಯ್ ಮುಂದೆ ಬಂದು ಮುದುಕಿಯ ಕೈ ಹಿಡಿದ. "ನೀವು ಯಾವ ಕವಲಿನೋರು ಅಜ್ಜಿ? ಕೋಟೆ ಕಡೆಯೋರಾ?"

"ಯಾವ ಕೋಟೆನೋ?"

"ಗ್ರೇಸ್ಟೆಪ್ ಕೋಟೆ..."

"ಕೋಟೆಯಂತೆ ಕೋಟೆ! ಅದೊಂದು ಮೆಟ್ಟಿಲು ಕಣಪ್ಪ. ಅನಾಥಾಲಯದ ಬಾಗಿಲ ಮೆಟ್ಟಿಲು. ಹದಿನಾಲ್ಕು ವರ್ಷ ತುಂಬೋವರೆಗೂ ಅದನ್ನ ತಿಕ್ಕಿ ತೊಳೆದೋಳು ನಾನು. ನಿಮ್ಮಪ್ಪನೋ ನಿಮ್ಮ ತಾತನೋ ಅದರ ಮೇಲೇ ಸಿಕ್ಕಿರ್ತಾನೆ. ನಾವೆಲ್ಲ ಅಲ್ಲಿ ಸಿಕ್ಕಿದೋರೇ."

ರಾಯ್‌ನ ಕೆಂಪು ಮುಖ ಬಿಳುಪಾಯಿತು. ಅವನು ಓರೆಗಣ್ಣಿನಲ್ಲಿ ಗಣಿಯ ಅಣ್ಣತಮ್ಮಂದಿರನ್ನು, ನರ್ಸನ್ನು, ಕ್ಲಿಫರ್ಡನನ್ನು ನೋಡಿದ. ವ್ಯಾನಿನ ಬೀಗದ ಕೈ ಅವನ ಮುಷ್ಟಿಯಲ್ಲಿತ್ತು.

"ಹಂಗಾದ್ರೆ ಆ ಸಿಂಹಕ್ಕೆ ಕೊಟ್ಟ ದುಡ್ಡು ದಂಡ," ಎಂದ ರಾಯ್. ಬೀಗದ ಕೈ ಜೇಬಿಗೆ ಸೇರಿತು. ಕ್ಲಿಫರ್ಡ್ ಮೊದಲು ನಕ್ಕ, ಸೇತುವೆ ನಡುಗುವ ಹಾಗೆ. ಆಮೇಲೆ ಎಲ್ಲರೂ ನಕ್ಕರು, ಕಣ್ಣೊರೆಸಿಕೊಳ್ಳುತ್ತ.

"ಆರು!" ಎಂದು ಮೇವಿಸ್ ಕೂಗಿದಳು. "ಚಿಕ್ಕಪ್ಪಾ, ಆರು!"

"ಹೆಸರು ಆರು," ಎಂದ ಸೆಪ್ಟಿಮಸ್. "ಹೆಗಲು ಆರು ಬೇಕಲ್ಲ. ನಿಂತ್ಕೊಂಡ್ರೆ ಆಗಲ್ಲ, ಹೊರಬೇಕು."

"ಚಿಕ್ಕೋಳಿದ್ದಾಗ ಅಲ್ಲಿನ ಎಷ್ಟು ಕೂಸುಗಳನ್ನ ಕಂಕುಳಲ್ಲಿ ಹೊತ್ತೆನೋ," ಎಂದು ಡಾರ್ಕಸ್ ಕೋಲನ್ನು ಹಿಲ್ಡಾಳ ಕೈಗೆ ಕೊಟ್ಟಳು. "ಇವಳೂ ಅದರಲ್ಲಿದ್ಲೋ ಇಲ್ವೋ, ನೆನಪಿಲ್ಲ. ಎಲ್ಲಿ ನಿಲ್ಲಲಿ ಹೇಳಿ."

ಎಡಗಡೆಯ ನಡುವಿನ ಜಾಗ ಅವಳದಾಯಿತು. ಐದು ಜನ ಪೆಟ್ಟಿಗೆ ಎತ್ತಿದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ ಒಂದು ಮೂಲೆ ಮೇಲೆ, ಒಂದು ಕೆಳಗೆ. ಕ್ಲಿಫರ್ಡನ ಕಡೆ ಆಕಾಶಕ್ಕೆ ಹೋಯಿತು. ಡಾರ್ಕಸಳ ಹೆಗಲಿಗೂ ಪೆಟ್ಟಿಗೆಗೂ ನಡುವೆ ಒಂದು ಮೊಳ ಬೆಳಕು. ಮುದುಕಿ ಕೈಚೀಲ ಕಿತ್ತು ಬಿಸಾಕಿ ಅಂಗೈ ಎತ್ತಿದಳು. ತುದಿಗಾಲಿನಲ್ಲಿ ನಿಂತರೂ ಬೆರಳ ತುದಿಯಷ್ಟೇ ತಾಗಿತು.

ಸೆಪ್ಟಿಮಸ್ ಎಣಿಸುತ್ತ ಬಂದ, ಪ್ರತಿ ಹೆಗಲನ್ನೂ ಬೆರಳಿನಿಂದ ಮುಟ್ಟಿ. ಒಂದು. ಎರಡು. ಮೂರು. ನಾಲ್ಕು. ಐದು. ಡಾರ್ಕಸಳ ಮುಂದೆ ಬಂದು ಆ ಖಾಲಿ ಜಾಗವನ್ನು ನೋಡುತ್ತ ನಿಂತುಬಿಟ್ಟ. ಮೇಲೆ ಚರ್ಚಿನ ಗಂಟೆಯ ಹಗ್ಗವನ್ನು ಯಾರೋ ಹಿಡಿದಿದ್ದರು.

"ಬಗ್ಗಿ," ಎಂದ ಕ್ಲಿಫರ್ಡ್. "ಎಲ್ರೂ ಮಂಡಿ ಬಗ್ಗಿಸಿ. ಅಜ್ಜಿಯಷ್ಟಾಗೋಣ."

ಐದು ಜನರೂ ಬಗ್ಗಿದರು. ಪೆಟ್ಟಿಗೆ ನಿಧಾನವಾಗಿ, ಬೆರಳು ಬೆರಳಾಗಿ ಕೆಳಗಿಳಿದು ಮುದುಕಿಯ ಹೆಗಲ ಮೇಲೆ ಕೂತಿತು. ಸೆಪ್ಟಿಮಸ್ ಆ ಹೆಗಲನ್ನು ಮುಟ್ಟಿದ, ಮುಟ್ಟಿದ ಕೈಯನ್ನು ಕೂಡಲೇ ತೆಗೆಯಲಿಲ್ಲ.

"ಆರು," ಎಂದ.

ಗಂಟೆ ಬಡಿಯಿತು. ಕರಿ ಕೋಟಿನವರು ಟೋಪಿ ತೆಗೆದರು. ಗ್ರೇಸ್ಟೆಪ್‌ಗಳು ದಿಣ್ಣೆ ಹತ್ತತೊಡಗಿದರು, ಮಂಡಿ ಬಗ್ಗಿಸಿಕೊಂಡೇ, ತೊಡೆ ನಡುಗುತ್ತಿದ್ದರೂ ಒಬ್ಬರೂ ನೆಟ್ಟಗಾಗದೆ. ವಿನ್ನಿಯ ಪೆಟ್ಟಿಗೆ ದಾರಿಯ ಕಲ್ಲುಗೋಡೆಯ ಎತ್ತರಕ್ಕೆ ಸರಿಸಮನಾಗಿ, ಸ್ವಲ್ಪವೂ ಓರೆಯಾಗದೆ ಹೋಗುತ್ತಿತ್ತು. ಅದರ ಪಕ್ಕದಲ್ಲಿ ಒಂದು ಕರಿ ಟೋಪಿ ಮಾತ್ರ ನೆಟ್ಟಗೆ ನಡೆಯುತ್ತಿತ್ತು.