ಟಗ್‌ಗೆ ತಕ್ಕ ಬ್ಯಾಟರಿ

"ಮುಟ್ಟಿ ನೋಡಮ್ಮ," ಎಂದರು ಮಾವ.

ಸೊಸೆ ಸ್ನಾನದ ತೊಟ್ಟಿಯ ಅಂಚಿನಲ್ಲಿ ಕುಳಿತು, ಮಾದರಿ ಹಡಗಿನ ಹೊಟ್ಟೆಯೊಳಗೆ ಎರಡು ಬೆರಳು ಇಳಿಸಿದಳು. ಮೋಟಾರು ಕಾದ ಹೆಂಚಿನಂತಿತ್ತು. ಚಕ್ಕನೆ ಕೈ ಹಿಂದೆಗೆದುಕೊಂಡಳು.

"ಸ್ವಲ್ಪ ಹೊತ್ತೂ ಓಡಿಲ್ಲ, ಆಗ್ಲೇ ಜ್ವರ ಬಂದಿದೆ. ಇದು ರೇಸಿನ ದೋಣಿಗೆ ಹಾಕೋ ಮೋಟಾರು. ನಮ್ದು ಟಗ್ ಕಣಮ್ಮ. ಇದಕ್ಕೆ ಓಡೋ ಕಾಲು ಬೇಡ, ಎಳೆಯೋ ರಟ್ಟೆ ಬೇಕು." ಮಾವ ಕೈಯಲ್ಲಿದ್ದ ರಿಮೋಟನ್ನು ಮಡಿಲಿಗೆ ಹಾಕಿಕೊಂಡರು.

ಟಗ್ ಎಂದರೆ ದೊಡ್ಡ ಹಡಗುಗಳನ್ನು ಹಗ್ಗ ಕಟ್ಟಿ ಬಂದರಿನೊಳಕ್ಕೆ ಎಳೆದು ತರುವ ಗಿಡ್ಡ ಹಡಗು. ಅಂಥದೊಂದರ ಇಂಜಿನ್ ಕೋಣೆಯಲ್ಲೇ ಮಾವನ ತಲೆ ನೆರೆತದ್ದು. ಈಗ ಅವರ ಎಡಗೈ, ಎಡಗಾಲು ಸ್ವಾಧೀನದಲ್ಲಿಲ್ಲ. ನಾಲ್ಕನೆಯ ಮಹಡಿಯ ಈ ಮನೆಯಿಂದ ಅವರು ಕೆಳಗಿಳಿಯುವುದು ಆಸ್ಪತ್ರೆಗೆ ಮಾತ್ರ. ತೋಳುದ್ದದ ಈ ಟಗ್ಗನ್ನು ಕಟ್ಟಿದ್ದು ಅವರ ಬಲಗೈ ಮತ್ತು ಸೊಸೆಯ ಎಡಗೈ.

ಅವರನ್ನು ನೋಡಿಕೊಳ್ಳಲೆಂದೇ ಅವಳು ಗಿರಣಿಯ ಕಚೇರಿಯ ಕೆಲಸ ಬಿಟ್ಟಿದ್ದಳು. ಗಂಡ ಒಳ್ಳೆಯವನೇ. ತರಕಾರಿ, ಔಷಧಿ ಎಲ್ಲವನ್ನೂ ಫೋನಿನಲ್ಲೇ ತರಿಸುತ್ತಿದ್ದ. ಒಮ್ಮೆ ಅವಳಿಗೆ ಚಪ್ಪಲಿ ಕೂಡ ತರಿಸಿದ. ಅಳತೆ ಸರಿಯಾಗಿತ್ತು, ಹಾಕಿಕೊಂಡು ಹೋಗಲು ಜಾಗವಿರಲಿಲ್ಲ. "ಎಲ್ಲಾ ಬಾಗಿಲಿಗೇ ಬರುತ್ತಲ್ಲ, ನೀನ್ಯಾಕೆ ಬಿಸಿಲಲ್ಲಿ ಸುತ್ತಬೇಕು?" ಎನ್ನುತ್ತಿದ್ದ. ಬಾಗಿಲಿಗೆ ಬಾರದೆ, ಅವಳೇ ಅಂಗಡಿಗೆ ಹೋಗಿ ತರುವಂತೆ ಉಳಿದದ್ದು ಮೋಟಾರೊಂದೇ.

ರಾತ್ರಿ ಊಟಕ್ಕೆ ಕುಳಿತಾಗ ಅದರ ಮಾತೂ ಬಂತು.

"ಮತ್ತೆ ಬದಲಾಯಿಸ್ಬೇಕಾ? ಅಪ್ಪ, ಯಾವುದು ಅಂತ ಹೇಳು, ಈಗ್ಲೇ ಫೋನಲ್ಲಿ ತರಿಸ್ತೀನಿ."

"ಅದನ್ನ ಬೆರಳಲ್ಲಿ ತಿರುಗಿಸಿ ನೋಡ್ಬೇಕು ಕಣೋ. ನಿನ್ನ ಫೋನಿಗೆ ಬೆರಳಿದೆಯಾ?"

"ಇವಳಿಗೆ ಮೋಟಾರಿನ ವಿಷಯ ಏನು ಗೊತ್ತಾಗುತ್ತೆ?"

"ನಿನಗಿಂತ ಗೊತ್ತಾಗುತ್ತೆ."

ಮಗ ನಕ್ಕ. "ಆಯ್ತಪ್ಪ, ಇದೇ ಕೊನೇ ಸಲ. ನಿನ್ನ ಬಿಟ್ಟು ಇವಳು ಹೊರಗೆ ಹೋದ್ರೆ ನನಗೆ ಆಫೀಸಲ್ಲಿ ಜೀವದಲ್ಲಿ ಜೀವ ಇರಲ್ಲ."

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅವಳು ಅವನ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದಳು.

ಮರುದಿನ ಪಕ್ಕದ ಮನೆಯ ಅಜ್ಜಿಯನ್ನು ಮಾವನ ಹತ್ತಿರ ಕೂರಿಸಿ ಅವಳು ಅಂಗಡಿಗೆ ಹೋದಳು. ಅಂಗಡಿಯವನು ಗಾಜಿನ ಮೇಜಿನ ಮೇಲೆ ಮೋಟಾರುಗಳನ್ನು ಸಾಲಾಗಿ ಇಟ್ಟ. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ತಿರುಗಿಸಿದಳು. ದಪ್ಪನೆಯದೊಂದು ಬೆರಳಿಗೆ ಸುಲಭಕ್ಕೆ ಮಣಿಯಲಿಲ್ಲ. ತಡೆತಡೆದು, ಒಲ್ಲದ ಮನಸ್ಸಿನಿಂದ ಸುತ್ತಿತು.

"ಇದು ಜೋರಾಗಿ ಓಡಲ್ಲ ಮೇಡಂ."

"ಓಡೋದು ಬೇಡ. ಇದೇ ಇರ್ಲಿ."

"ಬ್ಯಾಟರಿ ಮಾತ್ರ ಈ ಹೊಸದು ತಗೊಳ್ಳಿ. ಅಂಗೈಲಿಟ್ರೆ ತೂಕಾನೇ ಗೊತ್ತಾಗಲ್ಲ."

"ತೂಕ ಬೇಕು ನಮಗೆ. ಹಗುರ ಆದ್ರೆ ಟಗ್ ನೀರಿನ ಮೇಲೆ ಬೆಂಡಿನ ಹಾಗೆ ಕುಣಿಯುತ್ತೆ. ಆ ಹಳೇ ಥರದ್ದು, ಸೀಸದ್ದೇ ಕೊಡಿ."

ಅಂಗಡಿಯವನು ತಲೆಯಾಡಿಸಿದ. ತನ್ನ ದನಿ ಅವಳಿಗೇ ಹೊಸದೆನಿಸಿತು. ಯಾರಾದರೂ ತನ್ನ ಮಾತು ಕೇಳಿ ಸುಮ್ಮನೆ ತಲೆಯಾಡಿಸಿ ಎಷ್ಟು ಕಾಲವಾಗಿತ್ತೋ!

ಭಾರದ ಚೀಲ ಹೊತ್ತು ಮೆಟ್ಟಿಲು ಹತ್ತುವಾಗ ಒಂದು ಯೋಚನೆ ಅವಳ ಕಾಲು ಕಟ್ಟಿತು. ತಪ್ಪಾದದ್ದನ್ನೇ ಕೊಂಡಿದ್ದರೆ ಇನ್ನೊಂದು ಸಲ ಹೊರಗೆ ಬರಬಹುದಿತ್ತು. ಅಲ್ಲೇ ಗೋಡೆಗೆ ಕೈಯಿಟ್ಟು ನಿಂತಳು. ಮೇಲಿನಿಂದ ಮಾವನ ಕೆಮ್ಮು ಕೇಳಿತು. ಮತ್ತೆ ಹತ್ತಿದಳು.

ಸಂಜೆ ಮಗ ಬರುವ ಹೊತ್ತಿಗೆ ಎಲ್ಲವನ್ನೂ ಜೋಡಿಸಿಯಾಗಿತ್ತು. ತೊಟ್ಟಿಗೆ ಇಳಿಸಿದ್ದೇ ತಡ, ಟಗ್ ಗಂಭೀರವಾಗಿ ಕೂತುಬಿಟ್ಟಿತು. ಕೆಳಗಿನ ಕೆಂಪು ಬಣ್ಣ ಮುಗಿದು ಕಪ್ಪು ಶುರುವಾಗುವ ಗೆರೆಗೆ ನೀರು ಸುತ್ತಲೂ ಒಂದೇ ಸಮನಾಗಿ ತಾಗಿತ್ತು. ಅದಕ್ಕೆ ಕಟ್ಟಿದ ದಾರವನ್ನು ಅವಳು ಹಿಡಿದುಕೊಂಡಳು. ಮಾವ ರಿಮೋಟಿನ ಕಡ್ಡಿ ಒತ್ತಿದರು. ಸದ್ದಿಲ್ಲದೆ ನೀರು ಕಲಕಿತು. ದಾರ ಬಿಗಿಯಾಗಿ ಅವಳ ಬೆರಳನ್ನು ಜಗ್ಗಿತು. ಬಹಳ ಹೊತ್ತು ಜಗ್ಗಿತು. ಅವಳಿಗೆ ಹೆಮ್ಮೆಯಾಗಬೇಕಿತ್ತು. ಆದರೆ ಇನ್ನು ಹೊರಗೆ ಹೋಗಲು ಕಾರಣವೇ ಉಳಿದಿರಲಿಲ್ಲ.

"ಅಬ್ಬ! ಅಂತೂ ಮುಗೀತಲ್ಲ," ಎಂದ ಗಂಡ.

ಮಾವ ಮೋಟಾರಿನ ಮೇಲೆ ಬೆರಳಿಟ್ಟರು. ಅವಳೂ ಇಟ್ಟಳು. ಸ್ವಲ್ಪವೇ ಬೆಚ್ಚಗಿತ್ತು. ಮಾವ ಕೈ ತೆಗೆಯದೆ ಸೊಸೆಯ ಮುಖವನ್ನೇ ನೋಡಿದರು.

"ಇಲ್ಲ," ಎಂದರು.

"ಯಾಕಪ್ಪ? ಚೆನ್ನಾಗೇ ಇದೆಯಲ್ಲ?"

"ಮೋಟಾರು ಪರವಾಗಿಲ್ಲ. ಬ್ಯಾಟರಿ ಸರಿಯಿಲ್ಲ. ಹಿಂದಕ್ಕೆ ವಾಲ್ತಿದೆ, ಕಾಣಲ್ವಾ?"

ಮಗ ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದ. ಇನ್ನೊಂದು ಕಣ್ಣು ಮುಚ್ಚಿ ನೋಡಿದ. "ನನಗೇನೂ ಕಾಣ್ತಿಲ್ಲ."

"ನಿನಗೆ ಕಾಣಲ್ಲ ಬಿಡು." ಮಾವ ನೀರಿನ ಕಡೆ ಮುಖ ತಿರುಗಿಸಿದರು. "ನಾಳೆ ಇವಳೇ ಹೋಗಿ ಬರ್ಲಿ. ಅವಸರ ಏನಿಲ್ಲ. ನಾಲ್ಕು ಕಡೆ ನೋಡಿ ತರ್ಲಿ."

ಅವಳು ದಾರವನ್ನು ಬಿಚ್ಚಿ ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಳು.

ಮರುದಿನ ಮಧ್ಯಾಹ್ನ, ಚೀಲದಲ್ಲಿ ಬ್ಯಾಟರಿ ಹೊತ್ತುಕೊಂಡು ಅವಳು ಅದೇ ಬೀದಿಯಲ್ಲಿ ನಡೆದಳು. ಅಂಗಡಿಯವನು ಗಾಜಿನ ಆಚೆಯಿಂದ ತಲೆಯೆತ್ತಿ ನೋಡಿದ. ಅವಳು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು, ಅಂಗಡಿಯನ್ನು ದಾಟಿ, ಬಿಸಿಲಿನಲ್ಲಿ ಮುಂದಕ್ಕೆ ಹೋದಳು.